ಟೊಳ್ಳು ಗೋಡೆ

ನಮ್ಮ ಗಾರೆ ಕೆಲಸದವರ ಬಾಯಲ್ಲಿ ‘ಟೊಳ್ಳು’ ಎಂದರೆ ಬೈಗುಳಕ್ಕಿಂತ ಕೆಟ್ಟ ಮಾತು. ಗಿಲಾವು ಗೋಡೆಗೆ ಕಚ್ಚದೆ ಹಿಂದೆ ಗಾಳಿ ಉಳಿದರೆ ಅದು ಟೊಳ್ಳು. ಕಣ್ಣಿಗೆ ಕಾಣದು, ಸುತ್ತಿಗೆಯಿಂದ ತಟ್ಟಿದರೆ ಕಿವಿಗೆ ತಿಳಿಯುತ್ತದೆ. ಗುಯಿಯಾಂಗ್ ನಗರದಲ್ಲಿ ಮೂವತ್ತು ವರ್ಷ ಕಂಡವರ ಮನೆಗಳಿಗೆ ಗಿಲಾವು ಬಳಿದು, ತಗಡಿನ ಶೆಡ್ಡಿನಲ್ಲಿ ಮಲಗಿದವಳು ನಾನು. ಈಗ ಹೊಸ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ, ದುಡ್ಡು ಕಟ್ಟಿ ಕೊಂಡ ಎರಡು ಕೋಣೆ ನನ್ನವಾಗಬೇಕಿತ್ತು.

ಮಾರಾಟದ ಕಚೇರಿಯಲ್ಲಿ ಮ್ಯಾನೇಜರ್ ಲಿಯಾವ್ ಕಾಗದ ಚಾಚಿದ. ‘ಮನೆ ನೋಡಿದ್ದೇನೆ, ಎಲ್ಲ ಸರಿಯಿದೆ’ ಎಂದು ಅದರಲ್ಲಿ ಅಚ್ಚಾಗಿತ್ತು.

“ಸಹಿ ಹಾಕಿ ಚಿಕ್ಕಮ್ಮ, ಕೀ ತಗೊಳ್ಳಿ. ಆಮೇಲೆ ಬೇಕಾದಷ್ಟು ನೋಡ್ಕೊಳ್ಳಿ.”

“ನೋಡೋಕೆ ಮುಂಚೆನೇ ನೋಡಿದ್ದೀನಿ ಅಂತ ಬರೀಬೇಕಾ? ಕಲ್ಲಂಗಡಿ ಕೊಳ್ಳೋವಾಗ್ಲೂ ತಟ್ಟಿ ನೋಡೋಳಪ್ಪ ನಾನು.”

ಸರದಿಯಲ್ಲಿದ್ದವರು ನಕ್ಕರು. ಲಿಯಾವ್ ಮುಖ ಸಿಂಡರಿಸಿಕೊಂಡು ನನ್ನನ್ನು ಮೇಲಕ್ಕೆ ಕರೆದೊಯ್ದ.

ಚೀಲದಿಂದ ಸುತ್ತಿಗೆ ತೆಗೆದು ಗೋಡೆ ತಟ್ಟುತ್ತ ಹೋದೆ. ಬಾಗಿಲ ಪಕ್ಕ ಗಟ್ಟಿ. ಕಿಟಕಿಯ ಕೆಳಗೆ ಟೊಳ್ಳು. ಅಂಗೈಯಗಲ ಇದ್ದಿದ್ದರೆ ಬಿಟ್ಟುಬಿಡುತ್ತಿದ್ದೆನೋ ಏನೋ. ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದರೆ ಮಂಚದಷ್ಟಾಯಿತು.

“ಬಣ್ಣ ಹೊಡೆದ್ಮೇಲೆ ಯಾರಿಗೆ ಕಾಣುತ್ತೆ?” ಎಂದು ಲಿಯಾವ್ ನಕ್ಕ. “ನೀವೂ ಗಾರೆಯವರೇ ತಾನೆ? ನಿಜ ಹೇಳಿ, ನೀವೆಷ್ಟು ಟೊಳ್ಳು ಬಿಟ್ಟು ಬಂದಿದ್ದೀರ?”

ಮಾತು ನಾಟಿತು. ಒಮ್ಮೆ ಹೊಸ ವರ್ಷಕ್ಕೆ ಹಳ್ಳಿಗೆ ಹೋಗುವ ಆತುರದಲ್ಲಿ, ನೀರು ಹಾಕಿ ನೆನೆಸದ ಎರಡು ಗೋಡೆಗೆ ಗಿಲಾವು ಬಳಿದು ಓಡಿದ್ದೆ. ಯಾವ ಕಟ್ಟಡ, ಯಾವ ಗೋಡೆಗಳು ಎಂಬುದು ಇಂದಿಗೂ ನೆನಪಿದೆ. ನಾಚಿಕೆಯೂ ಇದೆ.

“ಎರಡು,” ಎಂದೆ. “ಆ ಮನೆಯವ್ರು ತಟ್ಟಿ ನೋಡಿ ನನ್ನ ಮುಖಕ್ಕೆ ಉಗೀಬೇಕಿತ್ತು. ಉಗೀಲಿಲ್ಲ. ಅದಕ್ಕೇ ನಿಮ್ಮಂಥೋರು ಕೊಬ್ಬಿದ್ರಿ.”

“ಸಹಿ ಹಾಕದಿದ್ರೆ ಕೀ ಇಲ್ಲ. ರಿಪೇರಿಗೆ ಇನ್ನಾರು ತಿಂಗಳು, ಅಲ್ಲೀತನಕ ಇರೋ ಕಡೆನೇ ಇರಿ.”

ಇರುವ ಕಡೆ ಎಂದರೆ ಶೆಡ್ಡು. ಅಲ್ಲಿನ ತೇವಕ್ಕೆ ನನ್ನ ಗಂಡನ ಕೆಮ್ಮು ನಿಲ್ಲುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಕೈ ಒಮ್ಮೆ ಅವನು ಹಿಡಿದಿದ್ದ ಪೆನ್ನಿನತ್ತ ಹೋಯಿತು. ಮರುಗಳಿಗೆಗೆ ಸುತ್ತಿಗೆ ಎತ್ತಿ ಬೀಸಿದೆ. ಗಿಲಾವು ಹಪ್ಪಳದಂತೆ ಕಳಚಿ ಲಿಯಾವನ ಬೂಟಿನ ಮೇಲೆ ಬಿತ್ತು.

“ಈಗ ನೀನೇ ಬರಿ, ಎಲ್ಲ ಸರಿಯಿದೆ ಅಂತ!”

ಕೆಳಗೆ ಬಂದಾಗ ನನ್ನ ಗಂಡ ತೆಂಗ್, ಸುತ್ತಿದ ಹಾಸಿಗೆಯೊಂದಿಗೆ ಕಚೇರಿಯ ನಡುವೆಯೇ ಕೂತಿದ್ದ.

“ಕೀ ಸಿಕ್ತಾ?”

“ಇಲ್ಲ. ಗೋಡೆ ಟೊಳ್ಳು. ಸಹಿ ಹಾಕ್ಲಿಲ್ಲ.”

ಬೈಯುತ್ತಾನೆ ಅಂದುಕೊಂಡೆ. ಅವನು ಕೆಮ್ಮಿದ, ಹಾಸಿಗೆಯ ಹಗ್ಗ ಬಿಚ್ಚಿದ.

“ಶೆಡ್ಡು ಬಿಟ್ಟುಕೊಟ್ಟು ಬಂದ್ಬಿಟ್ಟೆ ಕಣೆ. ಗೋಡೆ ಸರಿ ಮಾಡೋವರೆಗೂ ಇಲ್ಲೇ ಮಲಗೋಣ ಬಿಡು.”

ಸರದಿಯಲ್ಲಿದ್ದವರು ತಮ್ಮ ಕಾಗದಗಳನ್ನು ಸಹಿ ಹಾಕದೆ ಮೇಜಿನ ಮೇಲೆ ಹಾಗೇ ಬಿಟ್ಟು ನಮಗೆ ಜಾಗ ಮಾಡಿಕೊಟ್ಟರು. ಹಾಸುವ ಮುನ್ನ ಅಭ್ಯಾಸಬಲದಿಂದ ಆ ಹೊಳೆಯುವ ನೆಲವನ್ನು ತಟ್ಟಿ ನೋಡಿದೆ. ತಮ್ಮ ಕಚೇರಿಗಾದರೆ ಮೂಲೆಯಿಂದ ಮೂಲೆಗೆ ಗಟ್ಟಿ. ಕೆಲಸ ಮಾಡಿಸೋಕೆ ಬರೋದಿಲ್ಲ ಅಂತಲ್ಲ, ಬಡ್ಡೀಮಕ್ಕಳಿಗೆ!