ಕೊನೆಯ ಕಾಲಂನ ಅಂಕಿ

ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ರೋಲೆಂಡ್ ವೀಮ್ಸ್ ತನ್ನ ಆಟದ ಪುಸ್ತಕವನ್ನು ಒಪ್ಪಿಸಲು ಬರುತ್ತಾನೆ. ನಾವು ಅವನನ್ನು ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದಿಂದ ಕೈಬಿಟ್ಟು ಒಂಬತ್ತು ವರ್ಷವಾಯಿತು.

ಆ ಮಂಗಳವಾರವೂ ಬಂದ. ಗೇಟು ಕಾಯುವ ಹೋಬರ್ಟ್ ಕೆಳಗಿನಿಂದ ಫೋನ್ ಮಾಡಿ, "ಲೊರೇನ್, ನಿನ್ನ ಗಿರಾಕಿ ಬಂದ ನೋಡು," ಎಂದ.

"ಕೂರಿಸು, ಬಂದೆ."

"ಕೂರಲ್ಲ ಅಂತಾನೆ. ಕೋಚ್ ಕರೆದಿದ್ದಾರಂತೆ."

ನಮ್ಮ ಕಸುಬಿನಲ್ಲಿ ಯಾರನ್ನಾದರೂ ಕೈಬಿಡುವಾಗ 'ನಿನ್ನನ್ನು ತೆಗೆದಿದ್ದೇವೆ' ಎಂದು ಯಾರೂ ಹೇಳುವುದಿಲ್ಲ. 'ಕೋಚ್ ಕರೀತಿದ್ದಾರೆ, ಪುಸ್ತಕ ತಗೊಂಡು ಬಾ' ಎನ್ನುತ್ತಾರೆ. ತಂಡದ ಆಟದ ತಂತ್ರಗಳೆಲ್ಲ ಇರುವ ಪುಸ್ತಕ ಅದು, ತಂಡ ಬಿಡುವವನು ಒಪ್ಪಿಸಿ ಹೋಗಬೇಕು. ಪುಸ್ತಕ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಎಷ್ಟೇ ದೊಡ್ಡ ಆಳಾದರೂ ಮುಖ ಬಿಳಿಚಿಕೊಳ್ಳುತ್ತದೆ. ಈಗ ಪುಸ್ತಕ ಹೋಗಿ ಟ್ಯಾಬ್ಲೆಟ್ ಬಂದಿದೆ. ಮಾತು ಮಾತ್ರ ಅದೇ ಉಳಿದಿದೆ.

ನಾನು ಕೆಳಗಿಳಿದಾಗ ರೋಲೆಂಡ್ ಕೆಂಪು ರಟ್ಟಿನ ಆ ದಪ್ಪ ಪುಸ್ತಕವನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಸೂಟು ಹಾಕಿದ್ದ, ಟೈ ಕಟ್ಟಿದ್ದ. ಶೂಗಳಿಂದ ಕರಗಿದ ಹಿಮ ನೆಲಕ್ಕೆ ಇಳಿಯುತ್ತಿತ್ತು. ಒಂದು ಕಾಲದಲ್ಲಿ ಈ ಮನುಷ್ಯ ಓಡಿ ಬಂದರೆ ಎದುರಿನವರು ದಾರಿ ಬಿಡುತ್ತಿದ್ದರು.

"ಕೋಚ್ ಮೀಟಿಂಗ್‌ನಲ್ಲಿದ್ದಾರೆ, ರೋಲೆಂಡ್. ನನ್ನ ಹತ್ರ ಕೊಡು."

"ಚೀಟಿ ಕೊಡ್ತೀರಾ?"

"ಕೊಡ್ತೀನಿ."

ಚೀಟಿ ಬರೆದು ಸಹಿ ಹಾಕಿದೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಆಮೇಲೆ ಪ್ರತಿ ವರ್ಷ ಕೇಳುವುದನ್ನೇ ಕೇಳಿದ. "ನನ್ನ ಕಾಲು ನಿಧಾನ ಆಯ್ತು ಅಂತ ತಾನೇ ತೆಗೆದದ್ದು, ಮಿಸ್ ಲೊರೇನ್?"

"ಹೂಂ. ಕಾಲು."

"ಹಾಗಾದ್ರೆ ಸರಿ. ತಲೆ ಮಾತ್ರ ನೆಟ್ಟಗಿದೆ," ಎಂದು ನಕ್ಕು ಹೊರಟ. ಹೋಬರ್ಟ್ ಅವನನ್ನು ಬಸ್ಸಿನವರೆಗೂ ಬಿಟ್ಟು ಬಂದ. ಪ್ರತಿ ಸಲವೂ ಮರುದಿನ ಅವನ ಹೆಂಡತಿ ಒಡೆಟ್ ಬಂದು ಪುಸ್ತಕವನ್ನು ಒಯ್ಯುತ್ತಾಳೆ. ಅದು ಮನೆಯಲ್ಲಿ ಕಾಣದಿದ್ದರೆ ರೋಲೆಂಡ್ ಹುಡುಕಿ ಹುಡುಕಿ ಸುಸ್ತಾಗಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನಂತೆ. ಒಡೆಟ್ ನನ್ನನ್ನು ಯಾವತ್ತೂ ಬೈದಿಲ್ಲ. ಅವಳಿಗೆ ಗೊತ್ತಿಲ್ಲ.

ಏನೆಂದರೆ, ನಾವು ಒಬ್ಬೊಬ್ಬ ಆಟಗಾರನ ಮೇಲೂ ವರ್ಷಕ್ಕೊಮ್ಮೆ ವರದಿ ಬರೆಯುತ್ತೇವೆ. ಆಟಗಾರನನ್ನು ಕೇಳುವ ಬೇರೆ ತಂಡಗಳಿಗೂ ಅದು ಹೋಗುತ್ತದೆ. ಕಾಲಿಗೆ ಒಂದು ಕಾಲಂ, ಕೈಗೆ ಒಂದು, ಸೊಂಟಕ್ಕೆ ಒಂದು, ಹೀಗೆ. ಕೊನೆಯ ಕಾಲಂ ಆಟದ ಜಾಣತನ, ಒಂದರಿಂದ ಒಂಬತ್ತರವರೆಗೆ. ಆ ಕಾಲಂಗೆ ಬರುವಷ್ಟರಲ್ಲಿ ಕಣ್ಣು ಉರಿಯುತ್ತಿರುತ್ತದೆ, ಇನ್ನೂ ನಲವತ್ತು ಜನ ಬಾಕಿ ಇರುತ್ತಾರೆ. ವಯಸ್ಸಾದಂತೆ ಕಾಲು ಹೋಗಬಹುದು, ಜಾಣತನ ಎಲ್ಲಿ ಹೋಗುತ್ತದೆ ಎಂದು ಹಿಂದಿನ ವರ್ಷದ ಅಂಕಿಯನ್ನೇ ನಕಲು ಮಾಡಿಬಿಡುತ್ತೇವೆ. ಎಲ್ಲ ತಂಡದವರೂ ಮಾಡುವ ಕೆಲಸ ಇದು. ರೋಲೆಂಡ್ ನಮ್ಮಲ್ಲಿ ಆಡಿದ ಕೊನೆಯ ವರ್ಷದ ಫಿಲ್ಮಿನಲ್ಲಿ ಅವನು ಮೂರು ಸಲ ತಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತಿತ್ತ ನೋಡಿದ್ದನ್ನು ನಾನು ನೋಡಿದ್ದೆ. ನೋಡಿಯೂ 'ಕಾಲು ನಿಧಾನ' ಎಂದು ಬರೆದು, ಕೊನೆಯ ಕಾಲಂನಲ್ಲಿ ಹಳೆಯ ಎಂಟನ್ನೇ ನಕಲು ಮಾಡಿದೆ. ಆ ಎಂಟನ್ನು ನಂಬಿ ಬೇರೆ ಎರಡು ತಂಡಗಳು ಒಂದರ ನಂತರ ಒಂದು ಅವನನ್ನು ಕರೆದವು. ಇನ್ನೂ ಎರಡು ವರ್ಷ ಅವನ ತಲೆಗೆ ಏಟುಗಳು ಬಿದ್ದವು. ಈ ಆಟದಲ್ಲಿ ತಲೆಗೆ ಬಿದ್ದ ಏಟು ಸೇರಿ ಸೇರಿ ನೆನಪು ಕೆಡುತ್ತದೆ.

"ಅಮ್ಮಾ, ರಾತ್ರಿ ನಿದ್ದೆಯಲ್ಲಿ ನೀನು ಮತ್ತೆ ಎಂಟು ಎಂಟು ಅಂತಿದ್ದೆ," ಎಂದಿದ್ದಳು ಮಗಳು ಮ್ಯಾಗ್ಡ, ಅವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ. "ಲಾಟರಿ ನಂಬರಾ? ಹೇಳಿದ್ರೆ ನಾನಾದ್ರೂ ಟಿಕೆಟ್ ತಗೊಳ್ತೀನಿ."

ಅವಳಿಗೆ ಹದಿನಾಲ್ಕು. ಅಪ್ಪ ಬೇರೆ ಊರಿನಲ್ಲಿದ್ದಾನೆ. ನನ್ನ ಕೋಣೆಗೂ ಅವಳ ಕೋಣೆಗೂ ನಡುವೆ ತೆಳ್ಳನೆ ಗೋಡೆ.

ರೋಲೆಂಡ್ ಹೋದ ಮೇಲೆ ಎರಡನೇ ಮಹಡಿಯ ಮೀಟಿಂಗ್ ಕೋಣೆಗೆ ಹೋದೆ. ಗೋಡೆಯುದ್ದಕ್ಕೂ ಕಬ್ಬಿಣದ ಹಲಗೆ, ಅದರ ಮೇಲೆ ಒಬ್ಬೊಬ್ಬ ಆಟಗಾರನ ಹೆಸರಿಗೆ ಒಂದೊಂದು ಅಯಸ್ಕಾಂತದ ಪಟ್ಟಿ. ಹಿಂದಿನ ಋತುವಿನಲ್ಲಿ ನಮ್ಮ ತಂಡ ಟೊಲೆಡೊ ಫೆರಿಮೆನ್ ಹದಿನೇಳು ಆಟದಲ್ಲಿ ಗೆದ್ದದ್ದು ಎರಡು. ಹಾಗಾಗಿ ಹಳೆಯ ಮ್ಯಾನೇಜರ್ ಹೋಗಿ ಪ್ರೆಸ್ಟನ್ ಹೈಲ್ ಬಂದಿದ್ದ. ವಯಸ್ಸು ಮೂವತ್ತಾರು. ಬುಡದಿಂದ ಹೊಸದಾಗಿ ಕಟ್ಟುತ್ತೇನೆ ಎಂದು ಮಾತು ಕೊಟ್ಟೇ ಬಂದವನು. ನಾನು ಒಳಗೆ ಹೋದಾಗ ಹೆಸರುಗಳನ್ನು ಕಿತ್ತು ಕಿತ್ತು ರಟ್ಟಿನ ಡಬ್ಬಿಗೆ ಹಾಕುತ್ತಿದ್ದ. ಪ್ರತಿ ಪಟ್ಟಿಯೂ ಟಕ್ ಎಂದು ಬೀಳುತ್ತಿತ್ತು.

"ಬನ್ನಿ ಲೊರೇನ್, ಕಸ ಗುಡಿಸ್ತಿದ್ದೀನಿ. ನಿಮ್ಮ ಊರಿನ ಆ ಕರಿದ ಸಿಹಿ ಬನ್ನು, ಪೊಂಚ್ಕಿ, ತಿಂದೆ, ಹೊಟ್ಟೆ ಕಲ್ಲಾಗಿದೆ."

"ಎಷ್ಟು ತಿಂದ್ರಿ?"

"ಮೂರು."

"ನಮ್ಮಜ್ಜಿ ಆರು ತಿಂದು ಚರ್ಚಿಗೆ ನಡ್ಕೊಂಡು ಹೋಗ್ತಿದ್ರು."

ನಗುತ್ತಲೇ ಅವನು ಹಲಗೆಯ ನಡುವಿನ ಒಂದು ಪಟ್ಟಿಯ ಮೇಲೆ ಬೆರಳಿಟ್ಟ. ಆಂಬ್ರೋಸ್ ಟಿಲ್‌ಮನ್. ನಮ್ಮ ಸೆಂಟರ್. ಮೂವತ್ತಮೂರು ವರ್ಷ. ಹತ್ತು ವರ್ಷದಿಂದ ಪ್ರತಿ ಆಟದಲ್ಲೂ ಮೊದಲು ಚೆಂಡು ಮುಟ್ಟುವವನು ಅವನೇ.

"ಪಶ್ಚಿಮದ ಕಡೆಯ ಒಂದು ತಂಡ ಇವನನ್ನ ಕೇಳ್ತಿದೆ. ಅವರಿಗೆ ಇನ್ನೊಬ್ಬ ಸೆಂಟರ್ ಸಿಕ್ಕಿದ್ರೆ ಕಪ್ ಗ್ಯಾರಂಟಿ ಅಂತ ನಂಬಿಕೆ. ಬದಲಿಗೆ ಹೊಸ ಹುಡುಗರನ್ನ ಆರಿಸೋ ಡ್ರಾಫ್ಟಿನಲ್ಲಿ ಮೂರನೇ ಸುತ್ತಿನ ಒಂದು ಆಯ್ಕೆ ನಮಗೆ. ನಿಮ್ಮ ವರದಿ ಒಂದು ಬಂದ್ರೆ ಬುಧವಾರವೇ ಮುಗಿಸ್ತೀನಿ."

"ನಾಳೆ?"

"ನಾಳೆ ಸಂಜೆ ನಾಲ್ಕಕ್ಕೆ."

ಆಂಬ್ರೋಸನ ಫಿಲ್ಮನ್ನು ನಾನು ಅದಾಗಲೇ ಎರಡು ಸಲ ನೋಡಿದ್ದೆ. ಮೂರನೇ ಸಲ ಹಾಕಿದ್ದು ಕಾಲಿಗಾಗಿ ಅಲ್ಲ. ಸೆಂಟರ್ ಆದವನು ಚೆಂಡನ್ನು ಹಿಂದಕ್ಕೆ ಕೊಡುವ ಮೊದಲು ಎದುರಿನವರು ನಿಂತ ರೀತಿ ನೋಡಿ, ಯಾರು ಯಾರನ್ನು ತಡೆಯಬೇಕೆಂದು ತನ್ನ ಅಕ್ಕಪಕ್ಕದವರಿಗೆ ಕೂಗಿ ಹೇಳಬೇಕು. ಆಂಬ್ರೋಸ್ ಹತ್ತು ವರ್ಷ ಅದನ್ನು ಸಂತೆಯ ಹರಾಜಿನವನ ಹಾಗೆ ಕೂಗಿದ್ದ. ಹಿಂದಿನ ಋತುವಿನ ಹನ್ನೊಂದನೇ ವಾರದವರೆಗೂ ಕೂಗಿದ್ದ. ಆಮೇಲೆ ಮಾತ್ರ ಕೂಗುವ ಮೊದಲು ಒಂದು ಕ್ಷಣ ಅವನ ತಲೆ ಎಡಕ್ಕೆ ತಿರುಗುತ್ತಿತ್ತು. ಎಡಗಡೆ ಇದ್ದವನು ಸೆಫೋ, ಸೆಂಟರಿನ ಪಕ್ಕದಲ್ಲಿ ನಿಂತು ಎದುರಿನವರನ್ನು ತಡೆಯುವ ಗಾರ್ಡ್, ಸಮೋವಾದವನು, ಆಂಬ್ರೋಸನ ಜೀವದ ಗೆಳೆಯ. ಸೆಫೋನ ಬೆರಳು ಆಂಬ್ರೋಸನ ತೊಡೆಯ ಮೇಲೆ ಎರಡು ಸಲ ಬಡಿಯುತ್ತಿತ್ತು, ಇಲ್ಲವೇ ಒಂದು ಸಲ. ಆಗ ಆಂಬ್ರೋಸ್ ಕೂಗುತ್ತಿದ್ದ.

ಇಡೀ ದಿನ ಹಿಂದೆ ಮುಂದೆ ಓಡಿಸಿ ನೋಡಿದೆ. ಕತ್ತಲೆ ಮಾಡಿಕೊಂಡ ಆ ಕೋಣೆಯಲ್ಲಿ ಅದೇ ತಲೆ ಎಡಕ್ಕೆ ತಿರುಗುವುದು, ಅದೇ ಬೆರಳು ಬಡಿಯುವುದು. ಒಂದು ಹೊತ್ತಿನಲ್ಲಿ ಹೆಲ್ಮೆಟ್ಟಿನ ಒಳಗಿನ ಮುಖ ರೋಲೆಂಡನದೇ ಅನ್ನಿಸಿ ಚಿತ್ರ ನಿಲ್ಲಿಸಿದೆ. ನಿಲ್ಲಿಸಿದ ಚಿತ್ರದಲ್ಲೂ ಅವನು ನನ್ನನ್ನೇ ನೋಡುತ್ತಿದ್ದ ಹಾಗಿತ್ತು.

ಆದರೆ ಇದೇನು ಸಾಕ್ಷಿಯೇ? ಅಕ್ಕಪಕ್ಕದವರು ಸನ್ನೆ ಮಾಡಿಕೊಳ್ಳುವುದು ಹೊಸತಲ್ಲ. ಎದುರಿನವರಿಗೆ ಮೋಸ ಮಾಡಲು ಹೊಸ ಉಪಾಯ ಹೂಡಿದ್ದರೂ ಇರಬಹುದು. ವರದಿ ಬರೆಯುವವರು ಆಟಗಾರನ ಜೊತೆ ಅದರ ಬಗ್ಗೆ ಮಾತಾಡಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಆದರೂ ಬುಧವಾರ ಬೆಳಿಗ್ಗೆ ಕೆಳಗೆ ಆಟಗಾರರ ಕೋಣೆಗೆ ಹೋದೆ. ಆಂಬ್ರೋಸ್ ಒಬ್ಬನೇ ಮಂಡಿಗೆ ಐಸ್ ಕಟ್ಟಿಕೊಂಡು ಕೂತಿದ್ದ.

"ಓಹೋ, ಮಿಸ್ ಲೊರೇನ್! ಮೇಲಿನ ದೇವರುಗಳು ಕೆಳಗೆ ಇಳಿದ್ರೆ ಯಾರಿಗೋ ಗ್ರಹಚಾರ ಅಂತ ಅರ್ಥ."

"ಬಾಯಿ ಮುಚ್ಚೋ. ಮಂಡಿ ಹೇಗಿದೆ?"

"ಮಂಡಿ ಮುದುಕ. ನಾನು ಹುಡುಗ."

ನಾನು ಸುತ್ತು ಬಳಸಲಿಲ್ಲ. "ಸೆಫೋ ನಿನ್ನ ತೊಡೆ ಯಾಕೆ ತಟ್ತಾನೆ?"

ಅವನ ನಗು ಹೋಗಲಿಲ್ಲ. ಮುಖದ ಮೇಲೆ ಹಾಗೇ ಹೆಪ್ಪುಗಟ್ಟಿತು, ಅಷ್ಟೇ. "ಸದ್ದು. ಕ್ರೀಡಾಂಗಣದ ತುಂಬ ಜನ ಕಿರುಚ್ತಿದ್ರೆ ಏನು ಕೇಳಿಸುತ್ತೆ?"

"ನಮ್ಮ ಊರಿನ ಆಟದಲ್ಲೂ ತಟ್ಟಿದ್ದಾನೆ. ಡಿಸೆಂಬರಿನಲ್ಲಿ ನಮ್ಮ ಜನ ಕಿರುಚೋಕೆ ಬಂದೇ ಇರಲಿಲ್ಲ."

"ಕೇಳಿ. ಏನು ಬೇಕಾದ್ರೂ ಕೇಳಿ. ಯಾವ ವಾರ, ಯಾವ ಆಟ?"

ಕೇಳಿದೆ. ಹದಿಮೂರನೇ ವಾರ, ಆಟದ ಮೂರನೇ ಕ್ವಾರ್ಟರ್, ನಮ್ಮ ಬೆನ್ನಿಗೆ ಗೋಲಿನ ಗೆರೆ. ಅವನು ಕಣ್ಣು ಮುಚ್ಚಿ ಒಬ್ಬೊಬ್ಬರೂ ಎಲ್ಲಿ ನಿಂತಿದ್ದರು, ಯಾರು ಯಾವ ಕಡೆ ನುಗ್ಗಿದರು, ತಾನೇನು ಕೂಗಿದೆ ಎಂದೆಲ್ಲ ಹೇಳಿದ. ಇನ್ನೊಂದು ಕೇಳಿದೆ, ಅದನ್ನೂ ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ.

"ಸಾಕಾ?"

"ಸಾಕು."

"ಮಿಸ್ ಲೊರೇನ್." ಅವನು ದನಿ ತಗ್ಗಿಸಿದ. "ಹತ್ತು ವರ್ಷದಲ್ಲಿ ಒಂದೇ ಒಂದು ಸಲವೂ ನಾನು ಜನವರಿಯ ಕಪ್ ಪಂದ್ಯಗಳಲ್ಲಿ ಆಡಿಲ್ಲ. ಎಲ್ಲರೂ ಕಪ್ಪಿಗೆ ಆಡ್ತಿರ್ತಾರೆ, ನಾನು ಮನೇಲಿ ಸೋಫಾ ಮೇಲೆ. ಆ ತಂಡದವರು ಕರೀತಿದ್ದಾರೆ, ನನಗೂ ಗೊತ್ತಾಗಿದೆ. ಒಂದು ಜನವರಿ ಕೊಡಿ ನನಗೆ. ಆಮೇಲೆ ಪುಸ್ತಕ ಮಡಚಿ ಕೊಟ್ಟು ಮನೆಗೆ ಹೋಗ್ತೀನಿ."

ಮೇಲೆ ಬಂದು ವರದಿ ತೆರೆದೆ. ಕಾಲು ಆರು. ಕೈ ಎಂಟು. ಸೊಂಟ ಐದು. ಕೊನೆಯ ಕಾಲಂನಲ್ಲಿ ಹಿಂದಿನ ವರ್ಷ ನಾನೇ ಹಾಕಿದ್ದ ಒಂಬತ್ತು ಇತ್ತು. ಅದು ತಪ್ಪಾಗಿದ್ದರೆ ಇನ್ನೊಬ್ಬ ರೋಲೆಂಡ್. ಅದು ಸರಿಯಾಗಿದ್ದರೆ, ಒಂದು ಸನ್ನೆಯ ನೆಪದಲ್ಲಿ ಒಬ್ಬ ಒಳ್ಳೆಯ ಆಟಗಾರನ ಒಂದೇ ಆಸೆಗೆ ನಾನು ಮಣ್ಣು ಹಾಕಿದ ಹಾಗೆ. ಎಲ್ಲವನ್ನೂ ಸರಿಯಾಗಿ ಹೇಳಿದನಲ್ಲ, ನನ್ನ ಕಿವಿಯಾರೆ ಕೇಳಿದೆನಲ್ಲ.

ಫೋನ್ ಬಂತು. ಮ್ಯಾಗ್ಡ. "ಅಮ್ಮಾ, ಫ್ರಿಜ್ಜಿನಲ್ಲಿ ಸೂಪು ಯಾವ ದಿನದ್ದು?"

"ಸೋಮವಾರದ್ದು. ತಿನ್ನಬಹುದು."

"ಗ್ಯಾರಂಟಿನಾ, ಇಲ್ಲಾ ಹಾಗೇ ಹೇಳ್ತಿದ್ದೀಯಾ?"

"ಮೂಸಿ ನೋಡು," ಎಂದೆ.

ಹೊಳೆದದ್ದು ಫೋನ್ ಇಟ್ಟ ಮೇಲೆ. ಆಂಬ್ರೋಸ್ ಹೇಳಿದ್ದೆಲ್ಲ ಆಗಿಹೋದ ಆಟಗಳು. ಸೋತ ಮೇಲೆ ಸೋಮವಾರ ಕೂತು ಹತ್ತಾರು ಸಲ ಫಿಲ್ಮ್ ನೋಡಿ ಉರು ಹೊಡೆದವು. ಮೈದಾನದಲ್ಲಿ, ನಾಲ್ಕು ಸೆಕೆಂಡಿನೊಳಗೆ, ಹೊಸದಾಗಿ ಕಂಡದ್ದನ್ನು ಹೇಳಬಲ್ಲನೇ ಎಂದು ನಾನು ಕೇಳಲೇ ಇಲ್ಲ. ಕೇಳುವುದು ನನ್ನ ಕೈಯಲ್ಲಿ ಆಗುವ ಕೆಲಸವೂ ಅಲ್ಲ. ಒಂಬತ್ತನ್ನು ಅಳಿಸಿದೆ. ಅಂಕಿ ಹಾಕಲಿಲ್ಲ. ಕಾಲಂನಲ್ಲಿ ಒಂದು ಸಾಲು ಬರೆದೆ: ಹನ್ನೊಂದನೇ ವಾರದ ನಂತರ ಪಕ್ಕದವನು ಹೇಳಿಕೊಡುತ್ತಿದ್ದಾನೆ, ಮತ್ತೆ ಯಾರಾದರೂ ಇವನ ತಲೆಗೆ ಹೆಲ್ಮೆಟ್ ಹಾಕುವ ಮೊದಲು ವೈದ್ಯರು ನೋಡಬೇಕು. ಒಮ್ಮೆ ಒಪ್ಪಿಸಿದ ವರದಿಯನ್ನು ಯಾರೂ ತಿದ್ದುವಂತಿಲ್ಲ. ಒಪ್ಪಿಸಿದೆ.

ಹೈಲ್ ಇಪ್ಪತ್ತು ನಿಮಿಷದಲ್ಲಿ ನನ್ನ ಬಾಗಿಲಲ್ಲಿದ್ದ.

"ನೀವು ಡಾಕ್ಟರಾ?"

"ಅಲ್ಲ."

"ಮತ್ತೆ ಇದೇನು? ಒಂದು ಬೆರಳು ತೊಡೆ ಮೇಲೆ ಬಡೀತು ಅಂತ ಮೂರನೇ ಸುತ್ತಿನ ಆಯ್ಕೆ ಹೋಯ್ತಲ್ರೀ! ಇದನ್ನ ಓದಿದವರು ಅವನನ್ನ ಕೋಲಲ್ಲೂ ಮುಟ್ಟಲ್ಲ."

"ಮುಟ್ಟಬಾರದು ಅಂತಲೇ ಬರೆದದ್ದು."

"ಅವನು ಪರೀಕ್ಷೆಯಲ್ಲಿ ಪಾಸಾದ್ರೆ?"

"ಆಗಲಿ. ಕ್ಷಮೆ ಕೇಳ್ತೀನಿ, ಅವನ ಮಂಡಿಗೆ ಐಸ್ ಕಟ್ತೀನಿ, ನೀವು ನನ್ನನ್ನ ತೆಗೀರಿ."

"ತೆಗೀಬೇಕಾಗುತ್ತೆ," ಎಂದ. ಕೋಪದಲ್ಲಿ ಅಂದದ್ದಲ್ಲ. ಸುಸ್ತಾಗಿ ಅಂದ. ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ವೈದ್ಯರ ಪರೀಕ್ಷೆ ನಿಗದಿಯಾಯಿತು. ಪಶ್ಚಿಮದ ತಂಡದವರು ಬುಧವಾರ ಸಂಜೆಯೇ ಬೇರೆ ಸೆಂಟರನನ್ನು ಹುಡುಕಿಕೊಂಡರು.

ಆಂಬ್ರೋಸನನ್ನು ಮೇಲೆ ಕರೆಸಿ ಹೈಲನೇ ಹೇಳಿದ. ಹೊರಗೆ ಬಂದವನು ನನ್ನ ಮೇಜಿನ ಮುಂದೆ ನಿಂತ. ಆ ಮೈಕಟ್ಟಿಗೆ ಬೆಳಕೇ ಮರೆಯಾಯಿತು.

"ಹತ್ತು ವರ್ಷ ಈ ಊರಿಗೋಸ್ಕರ ಕೆಸರಿನಲ್ಲಿ ಮುಖ ಹೂತಿದ್ದೀನಿ. ನೀವು ಒಂದು ಸಾಲು ಬರೆದು ಮುಗಿಸಿಬಿಟ್ರಿ. ನಿಮ್ಮ ಮಗಳ ಶಾಲೆಗೆ ಬಂದು ಮಕ್ಕಳ ಜೊತೆ ಫೋಟೋ ತೆಗೆಸ್ಕೊಂಡಿದ್ದೆ ನಾನು."

"ಹೌದು."

"ನಾನು ಸರಿಯಾಗಿ ಉತ್ತರ ಹೇಳಿದ್ನೋ ಇಲ್ವೋ?"

"ಹೇಳಿದೆ."

"ಮತ್ತೆ?"

ಅವನು ಹೋದ. ಮೆಟ್ಟಿಲಿನ ಮೇಲೆ ಅವನ ಹೆಜ್ಜೆ ಕೇಳಿಸುವಷ್ಟು ಹೊತ್ತೂ ನಾನು ತಪ್ಪಾಗಿರಲಿ ಎಂದು ಬೇಡಿಕೊಂಡೆ. ಗುರುವಾರ ಅವನು ಎಲ್ಲ ಪರೀಕ್ಷೆ ಗೆದ್ದು ಬಂದು ನನ್ನ ಮುಖಕ್ಕೆ ಕಾಗದ ಎಸೆಯಲಿ, ನನ್ನ ಕೆಲಸ ಹೋಗಲಿ.

ಕಿಟಕಿಯ ಕೆಳಗೆ ಕಾರು ನಿಲ್ಲಿಸುವ ಜಾಗ. ಋತು ಮುಗಿದ ಮೇಲೆ ಅಲ್ಲಿ ಯಾರಿರುತ್ತಾರೆ? ಒಟ್ಟು ಹನ್ನೊಂದು ಗಾಡಿಗಳಿದ್ದವು. ಆಂಬ್ರೋಸನ ಹಳದಿ ಪಿಕಪ್ ಟ್ರಕ್ಕು ಬಾಗಿಲಿಗೆ ಎದುರೇ ನಿಂತಿತ್ತು, ಊರಿನಲ್ಲಿ ಅಂಥದ್ದು ಇನ್ನೊಂದಿಲ್ಲ. ಅವನು ಅದರ ಪಕ್ಕದಲ್ಲೇ ಹಾದು ಹೋದ. ಮುಂದಿನ ಸಾಲಿಗೆ ಹೋಗಿ ನಿಂತು ಕೀ ಒತ್ತಿದ. ಬೆನ್ನ ಹಿಂದೆ ಟ್ರಕ್ಕಿನ ದೀಪ ಮಿನುಗಿತು. ಅವನು ಅದನ್ನು ನೋಡಲಿಲ್ಲ. ಇನ್ನೂ ಮುಂದೆ ನಡೆದು, ಬೇಲಿಯ ಹತ್ತಿರ ಯಾರದೋ ಬಿಳಿ ಕಾರಿನ ಬಾಗಿಲು ಎಳೆದು ನೋಡಿದ. ಆಮೇಲೆ ಅಲ್ಲೇ ನಿಂತುಬಿಟ್ಟ. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಷ್ಟು ದೊಡ್ಡ ದೇಹ, ಕೈಯಲ್ಲಿ ಅಷ್ಟು ಸಣ್ಣ ಕೀ.

ಕೋಟು ಹಾಕಿಕೊಳ್ಳದೆ ಕೆಳಗೆ ಓಡಿದೆ. ಹತ್ತಿರ ಹೋದಾಗ ಅವನು ನನ್ನ ಕಡೆ ತಿರುಗದೆ, "ಏನೂ ಹೇಳ್ಬೇಡಿ," ಎಂದ.

"ಹೇಳಲ್ಲ."

"ಗಾಳಿಗೆ ನಿಂತಿದ್ದೆ."

"ಸರಿ."

ಇಬ್ಬರೂ ನಿಂತೆವು. ನನ್ನ ಹಲ್ಲು ಕಟಕಟ ಎನ್ನತೊಡಗಿತು. ಅವನು ತನ್ನ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದ. ಅದು ನನ್ನ ಪಾದದವರೆಗೂ ಬಂತು.

"ದಿನಾ ಸೆಫೋನೇ ಓಡಿಸೋದು," ಎಂದ ಕಡೆಗೆ. "ಇವತ್ತು ಅವನಿಗೆ ಹೇಳದೆ ಒಬ್ನೇ ಬಂದೆ. ಬರೋವಾಗ ಸರಿಯಾಗೇ ಬಂದೆ, ಮಿಸ್ ಲೊರೇನ್. ದೇವರಾಣೆ."

"ನಂಬ್ತೀನಿ. ನನ್ನ ಕಾರಲ್ಲಿ ಬಿಡ್ತೀನಿ ಬಾ."

ಅವನು ತಲೆಯಾಡಿಸಿದ, ಆದರೆ ಹೆಜ್ಜೆ ಕೀಳಲಿಲ್ಲ. ಏನೋ ನೆನಪು ಮಾಡಿಕೊಳ್ಳುವವನಂತೆ ಹುಬ್ಬು ಗಂಟಿಕ್ಕಿದ.

"ನಾಳೆ ಡಾಕ್ಟರ್ ಎಷ್ಟು ಗಂಟೆಗೆ ಅಂದ್ರು ಒಳಗೆ?"

"ಒಂಬತ್ತಕ್ಕೆ."

"ಒಂಬತ್ತು." ಒಂದು ಸಲ ತುಟಿಯಲ್ಲಿ ಹೇಳಿಕೊಂಡ. ಆಮೇಲೆ ಅಂಗೈ ಬಿಡಿಸಿ ನನ್ನ ಮುಂದೆ ಚಾಚಿದ. "ಬರೆದುಕೊಡಿ."