ಒಪ್ಪಲಾಗಿದೆ, ಖುದ್ದಾಗಿ

ವಡೆಯ ಎಣ್ಣೆ ಬಂಗಾಳ ಕೊಲ್ಲಿಯನ್ನು ದಾಟಿ ಈಗ ಅಂಡಮಾನಿನ ಕಡೆ ಹೊರಟಿದೆ, ಯಾವ ಪುಣ್ಯಾತ್ಮನಪ್ಪ ಪುಸ್ತಕದ ನಕ್ಷೆಯ ಮೇಲೆ ವಡೆ ಇಟ್ಟವನು, ಇನ್ಯಾರು, ಪಂಢರಿನಾಥನೇ, ಮೀಟಿಂಗು ಶುರುವಾಗುವ ಮೊದಲೇ ತಟ್ಟೆಗೆ ಕೈ ಹಾಕುವವನು ಈ ಆಫೀಸಿನಲ್ಲಿ ಅವನೊಬ್ಬನೇ ತಾನೆ, ಕರ್ಚೀಫಿನಿಂದ ಒರೆಸಿದ, ಒರೆಸಿದಷ್ಟೂ ಹರಡಿತು, ರಾಷ್ಟ್ರೀಯ ಸಾಗರ ನೀತಿ: ಶಿಫಾರಸುಗಳು ಎಂದು ದಪ್ಪಕ್ಷರದಲ್ಲಿ ಅಚ್ಚಾದ ಪುಸ್ತಕ, ಸಮುದ್ರಕ್ಕೆ ಎಣ್ಣೆ ಚೆಲ್ಲದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಅದರಲ್ಲೇ ಒಂದು ಅಧ್ಯಾಯ ಇದೆಯಂತೆ, ಇರಬಹುದು, ಓದಿಲ್ಲ — ಓದಿಲ್ಲ, ಅಲ್ಲೇ ತಾನೆ ಎಡವಟ್ಟಾದದ್ದು. ಮೇಜಿನ ಆ ತುದಿಯಲ್ಲಿ ನಿರ್ದೇಶಕಿ ಸುಮೇಧಾ ಮೇಡಂ ದೆಹಲಿಗೆ ಹೋಗಬೇಕಾದ ಉತ್ತರವನ್ನು ಓದುತ್ತಿದ್ದಾರೆ, ಮೈಸೂರಿನ ಹೆಂಗಸು, ಗಿಂಡಿಯ ಈ ಆಫೀಸಿಗೆ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಕಿಟಕಿಗಳನ್ನೆಲ್ಲ ತೆಗೆಸಿದ್ದಾರೆ, ಓದುತ್ತಾ ಓದುತ್ತಾ ತಲೆಯೆತ್ತಿ ಅವನನ್ನು ನೋಡಿ ನಗುತ್ತಾರೆ, ಎಂಥ ಮೆಚ್ಚುಗೆಯ ನಗು, ಅವನು ಮತ್ತೆ ಅಂಡಮಾನನ್ನು ಒರೆಸುತ್ತಾನೆ. ಗುರುವಾರ ಬೆಳಿಗ್ಗೆ ದೋಣಿ. ಅವನಿಗೆ. ಮೀನುಗಾರರ ಜೊತೆ, ನೀರಿಗಿಳಿದು ಹತ್ತಬೇಕಾದ ದೋಣಿ.

ಹಿಂದೆಲ್ಲ ಎಷ್ಟು ಚೆನ್ನಾಗಿತ್ತು, ದೆಹಲಿಯಿಂದ ಏನೇ ಬರಲಿ, ಸಮುದ್ರವನ್ನೇ ಎತ್ತಿ ಬೇರೆ ಕಡೆ ಇಡಿ ಅಂತ ಬಂದರೂ ಪಂಢರಿನಾಥನ ಬಳಿ ಒಂದೇ ಮಾತಿತ್ತು, ತಾತ್ವಿಕವಾಗಿ ಒಪ್ಪಲಾಗಿದೆ, ಆಹಾ ಏನು ಮಾತು ಅದು, ಹೌದು ಅಂದ ಹಾಗೂ ಆಯಿತು, ಕೂತಲ್ಲಿಂದ ಏಳದೆಯೂ ಆಯಿತು, ದೆಹಲಿಯವರಿಗೂ ಸಮಾಧಾನ, ಸಮುದ್ರಕ್ಕೂ ಸಮಾಧಾನ. ಮೇಡಂ ಬಂದವರೇ ಆ ಮಾತಿಗೆ ಕಾಟು ಹಾಕಿದರು, ತಾತ್ವಿಕ ಗೀತ್ವಿಕ ನನ್ನ ಹತ್ರ ಬೇಡ, ಯಾರು ಮಾಡ್ತಾರೆ, ಯಾವಾಗ ಮಾಡ್ತಾರೆ, ಅದನ್ನ ಬರೀರಿ. ಸರಿ, ಅದಕ್ಕೇನಂತೆ, ಅವನು ಸಹಾಯಕ ಸಂಜೀವನನ್ನು ಕರೆದು ಹೊಸ ಮಾತೊಂದನ್ನು ಹೇಳಿ ಬರೆಸಿದ, ಒಪ್ಪಲಾಗಿದೆ, ವಿಭಾಗದ ಮುಖ್ಯಸ್ಥರು ಖುದ್ದಾಗಿ ಇದೇ ತಿಂಗಳು ಜಾರಿಗೆ ತರುತ್ತಾರೆ, ಇದನ್ನೇ ಎಲ್ಲದಕ್ಕೂ ಪೋಡಪ್ಪಾ, ಹಾಕಿಬಿಡು ಅಂದ, ಹೊಸದಾಗಿ ಬಂದ ಕಂಪ್ಯೂಟರು ಬೇರೆ, ಸಂಜೀವ ಗುಂಡಿ ಒತ್ತಿದ್ದೇ ತಡ ಕೆಳಗಿನವರೆಗೂ ಅದೇ ಮಾತು ಸಾಲಾಗಿ ಬಂದು ಕೂತಿತು, ನೋಡಲು ಎಷ್ಟು ಲಕ್ಷಣವಾಗಿತ್ತು, ಕಾಫಿ ಕುಡಿಯುತ್ತಲೇ ಸಹಿ ಹಾಕಿದ. ಶಿಫಾರಸುಗಳಲ್ಲಿ ಇನ್ನೇನಿರುತ್ತೆ, ಸಮನ್ವಯ, ಸಮಿತಿ, ಉಪಸಮಿತಿ — ಯಾವನಿಗೆ ಗೊತ್ತಿತ್ತು ಅವುಗಳ ನಡುವೆ ಇದೊಂದು ಅವಿತುಕೊಂಡಿದೆ ಅಂತ, ಸಮುದ್ರದ ಕಡತ ನೋಡುವ ಪ್ರತಿ ಅಧಿಕಾರಿಯೂ ಮೀನುಗಾರರ ದೋಣಿಯಲ್ಲಿ ಒಂದು ದಿನ ಕಡಲಿಗೆ ಹೋಗಿಬರತಕ್ಕದ್ದು. ಒಪ್ಪಲಾಗಿದೆ. ಖುದ್ದಾಗಿ. ಇದೇ ತಿಂಗಳು. ಮೇಡಂ ಅವನನ್ನು ಕೋಣೆಗೆ ಕರೆಸಿದಾಗ ಅವರ ಕಣ್ಣು ತುಂಬಿತ್ತು, ದೆಹಲಿಗೆ ಆಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ ಅಂದರು, ಈಗ ಓದದೆ ಸಹಿ ಹಾಕಿದೆ ಅನ್ನಲಾಗುತ್ತದೆಯೇ, ಅಂದರೆ ಇಷ್ಟು ವರ್ಷ ಏನು ಮಾಡಿದೆ ಅನ್ನುವ ಮಾತು ಬರುತ್ತೆ, ಆ ಮಾತು ಮಾತ್ರ ಬರಬಾರದು. ಹೊರಗೆ ಬಂದು ಸಂಜೀವನನ್ನು ತರಾಟೆಗೆ ತೆಗೆದುಕೊಂಡರೆ ಅವನು ತಣ್ಣಗೆ, ನೀವೇ ತಾನೆ ಸಾರ್ ಪೋಡು ಅಂದಿದ್ದು, ಕವಲೆ ಪಡಬೇಡಿ, ಚಿಂತೆ ಯಾಕೆ, ನಿಮಗೇನು ಸಾರ್, ಕಡಲು ಪಳಗಿದ್ದೇ ಅಲ್ವಾ.

ಪಳಗಿದ್ದು! ಕಡಲ ಇಲಾಖೆಯಲ್ಲಿ ತಲೆ ನರೆಸಿಕೊಂಡ ಪಂಢರಿನಾಥ ಸರ್ವೀಸಿಗೆ ಸೇರಿದ ಮೇಲೆ ಒಂದು ದಿನವೂ ಸಮುದ್ರದಲ್ಲಿ ಕಾಲಿಟ್ಟಿಲ್ಲ, ಇದು ಹೆಂಡತಿ ಲಕ್ಷ್ಮಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಕ್ರೋಂಪೇಟೆಯಿಂದ ರೈಲು ಹಿಡಿದು ಬೀಚಿಗೆ ಹೋದರೆ ಲಕ್ಷ್ಮಿಯೂ ಮಗಳೂ ನೀರಾಟ ಆಡುತ್ತಾರೆ, ಇವನು ಮರಳಿನಲ್ಲಿ ಕೂತು ಅವರ ಚಪ್ಪಲಿ ಕಾಯುತ್ತಾನೆ, ಮಗಳು ಮಾನ್ಯಾಳನ್ನು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ, ಅಪ್ಪಾ ನೀಂಗ ಕಡಲ್ ಆಫೀಸರಾ, ಚೆರುಪ್ಪು ಆಫೀಸರಾ ಅನ್ನುತ್ತಾಳೆ, ಚಪ್ಪಲಿ ಆಫೀಸರಂತೆ, ಅನ್ನಲಿ, ಪರ್ವ ಇಲ್ಲದ ದಿನ ಸಮುದ್ರ ಮುಟ್ಟಬಾರದಮ್ಮ, ನಮ್ಮ ಮನೆತನದ ಪದ್ಧತಿ, ಅಮಾವಾಸ್ಯೆಗೋ ಹುಣ್ಣಿಮೆಗೋ ಗ್ರಹಣಕ್ಕೋ ಆದರೆ ಸರಿ ಅಂತ ಗಂಭೀರವಾಗಿ ಹೇಳುತ್ತಾನೆ, ಅಮಾವಾಸ್ಯೆಯೋ ಹುಣ್ಣಿಮೆಯೋ ಬಂದರೆ ಅವನಿಗೆ ನೆಗಡಿ. ಆ ಪದ್ಧತಿ ಹೇಳಿಕೊಟ್ಟವಳು ಹುಚ್ಚಮ್ಮ, ಅಪ್ಪನ ಅಕ್ಕ, ತಿರುವಲ್ಲಿಕ್ಕೇಣಿಯ ಮನೆಯಲ್ಲಿ ಮಡಿಯಲ್ಲೇ ಬಾಳಿದ ಅತ್ತೆ, ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆ ಅವನ ಕೈ ಹಿಡಿದು ಸಮುದ್ರಕ್ಕೆ ನಡೆಸಿಕೊಂಡು ಹೋದಳು, ಆಗ ತಾನೇ ಮುಂಜಿಯಾಗಿತ್ತು, ಅಪ್ಪನ ಪಂಚೆ ಮಡಿಸಿ ಸುತ್ತಿದ್ದರು, ಕಚ್ಚೆ ನಿಲ್ಲುತ್ತಿರಲಿಲ್ಲ, ಅತ್ತೆ ಸಂಕಲ್ಪ ಹೇಳಿಸುತ್ತಿದ್ದಾಳೆ, ಅಲೆ ಬಂತು, ಸೊಂಟದಿಂದ ಪಂಚೆ ಬಿಚ್ಚಿಕೊಂಡು ಹೋಯಿತು, ಗಾಳಿ ತುಂಬಿ ಉಬ್ಬಿಕೊಂಡು, ಬೆಳ್ಳಗೆ, ಸುತ್ತ ತಿರುವಲ್ಲಿಕ್ಕೇಣಿಯ ಅರ್ಧ ಊರೇ ನಿಂತಿದೆ, ಅವನು ಅತ್ತೆಯ ಕೈ ಬಿಟ್ಟು ಪಂಚೆಯ ಹಿಂದೆ ಹೋದ, ಆಮೇಲೆ ನೆಲವಿಲ್ಲ, ಕಿವಿಯೊಳಗೆ ಉಪ್ಪು, ಜುಟ್ಟು ಹಿಡಿದು ಎಳೆದವಳು ಅತ್ತೆ. ತನ್ನ ಸೆರಗನ್ನೇ ಅವನಿಗೆ ಸುತ್ತಿ ಎದೆಗವಚಿಕೊಂಡು ಅತ್ತಳು, ಅತ್ತೆ ಅತ್ತದ್ದನ್ನು ಅವನು ನೋಡಿದ್ದು ಅವತ್ತೊಂದು ದಿನ ಮಾತ್ರ, ಅವಳ ಭುಜದ ಮೇಲಿನಿಂದ ನೋಡಿದರೆ ಪಂಚೆ ಇನ್ನೂ ಹೋಗುತ್ತಲೇ ಇತ್ತು. ಈಗಲೂ ಕಣ್ಣು ಮುಚ್ಚಿದರೆ ಅದು ಹೋಗುತ್ತದೆ, ಭಯವಾಗುತ್ತೆ, ನಿಜವಾಗಿ ಭಯವಾಗುತ್ತೆ, ಕಡಲ ಆಫೀಸರಿಗೆ ಕಡಲೆಂದರೆ ಭಯ, ಇದನ್ನು ಯಾರಿಗೆ ಹೇಳುವುದು.

ಹಾಗಾದ್ರೆ ಇದನ್ನ ಕಳಿಸ್ತಾ ಇದ್ದೀನಿ ಎಂದು ಮೇಡಂ ಪೆನ್ನು ತೆಗೆದರು, ಎಲ್ಲರೂ ಅವನ ಕಡೆ ತಿರುಗಿದರು, ಇಷ್ಟು ವರ್ಷದ ಸರ್ವೀಸಲ್ಲಿ ನಾನೇ ಹೋಗ್ತೀನಿ ಅಂತ ಬರೆದ ಆಫೀಸರನ್ನ ನಾನು ನೋಡಿರಲಿಲ್ಲ ಪಂಢರಿನಾಥ್ ಅವರೇ ಅಂದರು, ಸಂಜೀವ ಚಪ್ಪಾಳೆ ಬೇರೆ ತಟ್ಟಿದ, ಬೇಕಿತ್ತಾ ಇವನಿಗೆ. ಹೇಳಿಬಿಡಬೇಕು, ಈಗಲೇ, ಅವನು ಎದ್ದು ನಿಂತ, ಗಂಟಲು ಸರಿಮಾಡಿಕೊಂಡ, ಬಾಯಿಂದ ಬಂದದ್ದು ಅತ್ತೆಯ ಮಾತೇ, ಮೇಡಂ, ನಮ್ಮಲ್ಲಿ ಒಂದು ಪದ್ಧತಿ ಇದೆ, ಪರ್ವ ಇಲ್ಲದ ದಿನ ಸಮುದ್ರ ಮುಟ್ಟೋ ಹಾಗಿಲ್ಲ. ಅಬ್ಬ, ಎಷ್ಟು ನಯವಾಗಿ ಬಂತು, ಧರ್ಮದ ವಿಷಯ, ಯಾವ ದೆಹಲಿಯೂ ಕಮಕ್ ಕಿಮಕ್ ಅನ್ನುವ ಹಾಗಿಲ್ಲ, ಅವನು ಕೂತು ತಟ್ಟೆಯಲ್ಲಿ ಉಳಿದಿದ್ದ ಅರ್ಧ ವಡೆಯನ್ನು ಮುರಿದ. ಮೇಡಂ ಗೋಡೆಯ ತಮಿಳು ಕ್ಯಾಲೆಂಡರಿನ ಕಡೆ ಕೈ ತೋರಿಸಿದರು, ಗುರುವಾರದ ಮೇಲೆ ದುಂಡಗೆ ಒಂದು ಚಂದ್ರ, ಗುರುವಾರ ಹುಣ್ಣಿಮೆ ಕಣ್ರೀ, ನಮ್ಮತ್ತೆಯವರದ್ದೂ ಇದೇ ಪದ್ಧತಿ, ನೀವು ಮಾಧ್ವರು ಅಂತ ಗೊತ್ತಿತ್ತಲ್ಲ, ಅವರನ್ನ ಕೇಳಿಯೇ ದಿನ ಇಟ್ಟಿದ್ದು. ಮುರಿದ ವಡೆಯನ್ನು ಅವನು ತಟ್ಟೆಗೇ ಹಿಂದಿಟ್ಟ. ನೆಗಡಿ, ನೆಗಡಿಯಾದರೂ ಇದೆಯಲ್ಲ, ಅವನು ಮೂಗಿನ ಹತ್ತಿರ ಕರ್ಚೀಫು ಒಯ್ದ, ವಡೆಯ ಎಣ್ಣೆ ಘಮ್ ಅಂದಿತು, ಸೀನು ಕೂಡ ಬರಲಿಲ್ಲ. ಮೇಡಂ ಸಹಿ ಹಾಕಿ, ಪೆನ್ನು ಮುಚ್ಚಿ, ಅಕ್ಕರೆಯಿಂದ, ಪ್ಯಾಂಟ್ ಬೇಡ, ಒದ್ದೆಯಾಗುತ್ತೆ, ಪಂಚೆ ಉಟ್ಕೊಂಡು ಬನ್ನಿ ಅಂದರು.

ಆಗಲಿ ಮೇಡಂ ಅಂದನೋ, ಏನಂದನೋ, ಫ್ಯಾನಿನ ಸದ್ದು, ಯಾರೋ ಕುರ್ಚಿ ಸರಿಸಿದ್ದು, ಪಂಚೆ, ಮೇಡಂ ಪಂಚೆ ಅಂದರು, ಅಲೆ ಹಿಂದೆ ಸರಿದು, ಸೊಂಟ ತಣ್ಣಗಾಗಿ, ಅತ್ತೆಯ ಕೈ ಇಲ್ಲ, ಈ ಸಲ ಜುಟ್ಟೂ ಇಲ್ಲ ಹಿಡಿದೆಳೆಯಲು — ಪಂಚೆ, ಗಾಳಿ ತುಂಬಿ ಉಬ್ಬಿಕೊಂಡು, ಬೆಳ್ಳಗೆ, ಹೋಗುತ್ತಾ ಹೋಗುತ್ತಾ, ಬಿಳೀ ಪಂಚೆ