ಕಟ್ಟುವ ಜಾಗ

ಕೊನೆಯ ಬೋಲ್ಟು ಸಡಿಲವಾದದ್ದೇ ಬಂಪರ್ ಒಂದು ಕಡೆಗೆ ವಾಲಿತು. ಮೆಕ್ಯಾನಿಕ್ ದೇವರಾಜು ಅದನ್ನು ತೊಡೆಯ ಮೇಲೆ ಆನಿಸಿಕೊಂಡು, ಎಡಗಡೆ ಸುತ್ತಿದ್ದ ಕಟ್ಟುತಂತಿಯನ್ನು ಕತ್ತರಿಸಿದ. ಅಷ್ಟುದ್ದದ ಬಂಪರು ಒಂದೇ ಕೈಯಲ್ಲಿ ಎತ್ತುವಷ್ಟು ಹಗುರವಾಗಿತ್ತು. ಅದನ್ನು ಶೆಡ್ಡಿನ ಗೋಡೆಗೆ ಒರಗಿಸಿ, ಜೀಪಿನ ಬೋಳು ಮುಖದ ಮುಂದೆ ಕುಕ್ಕರಗಾಲಿನಲ್ಲಿ ಕೂತ.

ಜೀಪಿನ ಒಡೆಯ ರಂಗರಾಜು ಪಕ್ಕದಲ್ಲೇ ನಿಂತಿದ್ದ. ಬೋರ್‌ವೆಲ್ ಮೋಟರು ಎತ್ತಿ ರಿಪೇರಿ ಮಾಡುವುದು ಅವನ ಕಸುಬು, ಬಡವನಹಳ್ಳಿಯಲ್ಲಿ ಅಂಗಡಿ. ಹೊಲ, ಹಳ್ಳ, ಕೆರೆಯಂಗಳ ಎನ್ನದೆ ಹೋಗಬೇಕಾದ್ದರಿಂದ ನಾಲ್ಕು ಚಕ್ರವೂ ಎಳೆಯುವ ಈ ಗಾಡಿ ಕೊಂಡಿದ್ದ. ಮುಂಗಾರು ಹಿಡಿಯುವ ಮೊದಲು ಮುಂದುಗಡೆ ಎರಡು ಕೊಂಡಿ ಹಾಕಿಸಬೇಕು, ಹೂತುಕೊಂಡರೆ ಸರಪಣಿ ಹಾಕಿ ಎಳೆಸಿಕೊಳ್ಳುವ ಹಾಗಿರಬೇಕು, ಆದರೆ ಕಂಪನಿ ಬಂಪರು ಮೊದಲಿನಂತೆಯೇ ಕೂರಬೇಕು ಎಂದು ಹೇಳಿಕೊಂಡು ಬಂದಿದ್ದ.

"ಇದಕ್ಕೆ ಸರಪಣಿ ಬಿಗಿದೋರು ಯಾರಣ್ಣ?" ದೇವರಾಜು ಬಂಪರಿನ ಹರಿದ ಮೂಲೆಯನ್ನು ಬೆರಳಲ್ಲಿ ಅಲುಗಿಸಿದ.

"ನಮ್ ಮಾವ."

"ಪಾಪ, ಅವ್ರಾದ್ರೂ ಏನ್ ಮಾಡ್ತಾರೆ ಬುಡು. ಇದ್ರಲ್ಲಿ ಕಟ್ಟಾಕೆ ಜಾಗ ಎಲ್ಲೈತೆ? ಇದು ಗಾಡಿ ಮೀಸೆ ಇದ್ದಂಗೆ. ಮೀಸೆ ಹಿಡ್ದು ಎಳೆದ್ರೆ ಮೀಸೆ ಬತ್ತದೆ, ಆಳು ಬತ್ತಾನಾ?"

ದೇವರಾಜು ಗಾಡಿಯ ಕೆಳಗೆ ತೂರಿಕೊಂಡು, ಅಲ್ಲಿಂದಲೇ ಮಾತು ಮುಂದುವರಿಸಿದ. ತಳದಲ್ಲಿರುವ ಸಣ್ಣ ಬಳೆ ಹೊಸ ಗಾಡಿಯನ್ನು ಲಾರಿ ಮೇಲೆ ಅಲುಗಾಡದಂತೆ ಕಟ್ಟಲು ಕಂಪನಿಯವರು ಕೊಟ್ಟದ್ದಂತೆ, ಕೆಸರಿನಿಂದ ಎಳೆಯಲು ಅಲ್ಲವಂತೆ. ಎಳೆಯುವ ಭಾರ ತಡೆಯುವುದು ಚಾಸಿ ಮಾತ್ರ. ಇಷ್ಟೆಲ್ಲ ಹೇಳಿದ ಮೇಲೆ, "ಕಟ್ಟೋಕೆ ಮುಂಚೆ ನಿಮ್ ಮಾವ ನಿನ್ನೊಂದು ಮಾತು ಕೇಳಲಿಲ್ವಾ?" ಅಂದ.

ಮಾವ ಕೇಳಿದ್ದ. ಎರಡು ಸಲ ಕೇಳಿದ್ದ.

ದೊಡ್ಡರಂಗಪ್ಪ ರಂಗರಾಜುವಿಗೆ ಅವ್ವನ ತಮ್ಮ. ಮಗಳು ಮಂಜಮ್ಮನನ್ನು ಕೊಟ್ಟ ಮೇಲೆ ಎರಡು ಕಡೆಯಿಂದಲೂ ಮಾವ. ಅವನದು ಹುಲಿಕುಂಟೆ ಕಡೆಯ ಹಳ್ಳಿ. ಹೋದ ವರ್ಷ ಹಿರಿಯರ ಹಬ್ಬಕ್ಕೆ ಗಂಡಹೆಂಡಿರು ಅಲ್ಲಿಗೆ ಹೊರಟಾಗ, ಹತ್ತಿರದ ದಾರಿ ಎಂದು ರಂಗರಾಜು ಕೆರೆಯ ಹಿನ್ನೀರಿನ ಅಂಚಿಗೆ ಗಾಡಿ ಇಳಿಸಿದ್ದ. ಹಿಂದಿನ ವಾರವೆಲ್ಲ ಮಳೆ ಹೊಡೆದಿತ್ತು. ಮುಂದಿನ ಚಕ್ರಗಳು ಜೇಡಿಗೆ ಇಳಿದವು. ಆಮೇಲೆ ಗಾಡಿಯ ಹೊಟ್ಟೆಯೇ ಕೂತುಬಿಟ್ಟಿತು. ಮಾವ ಟ್ರಾಕ್ಟರು ತಂದ. ಮೊಳಕಾಲುದ್ದ ಕೆಸರಲ್ಲಿ ನಿಂತು, ಬಗ್ಗಿ, ಬಂಪರಿನ ಕೆಳಗೆ ಕೈಯಾಡಿಸಿ ತಡಕಿದ. "ಎಲ್ಲಿಗೆ ಕಟ್ಲಾ ಇದ್ನ?" ಎಂದ. ರಂಗರಾಜು ಹಬ್ಬದ ಬಿಳಿ ಪಂಚೆ ಉಟ್ಟಿದ್ದ. ಸೀಟು ಬಿಟ್ಟು ಇಳಿಯಲಿಲ್ಲ. ಮಾವ ಇನ್ನೊಮ್ಮೆ ಕೇಳಿದಾಗ, "ಎಲ್ಲಾರಾ ಕಟ್ಟು ಮಾವ, ಹೊತ್ತಾಯ್ತು" ಅಂದ.

ಬಂಪರು ಕಿತ್ತು ಬಂತು. ಆಗ ಅವನು ಇಳಿದ. ಪಂಚೆಯ ಯೋಚನೆ ಇರಲಿಲ್ಲ. ದಡದ ಮೇಲೆ ಊರಿನ ಏಳೆಂಟು ಜನ ನಿಂತಿದ್ದಾಗಲೇ, "ವಯಸ್ಸಾದ್ರೂ ಒಂದ್ ಸರಪಣಿ ಕಟ್ಟಾಕೆ ಬರಾಕಿಲ್ವಲ್ಲ ನಿನಗೆ" ಎಂದುಬಿಟ್ಟ. ಹುಟ್ಟಿದಾಗಿನಿಂದ ದನ ಕಟ್ಟಿ, ನೊಗ ಕಟ್ಟಿ, ಹೇರು ಕಟ್ಟಿ ಬದುಕಿದ ಮನುಷ್ಯ ಬಗ್ಗಿ ಬಂಪರು ಎತ್ತಿಕೊಂಡ. ಅದರ ಕೆಸರನ್ನು ಕೆರೆ ನೀರಲ್ಲಿ ತೊಳೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಹಿಂದಿನ ಸೀಟಿನ ಮೇಲಿಟ್ಟು ಟ್ರಾಕ್ಟರು ಹತ್ತಿದ. ಆಮೇಲೆ ಊರ ಹುಡುಗರು ಸೇರಿ ಜೀಪನ್ನು ಹಿಂದಕ್ಕೆ ನೂಕಿದರು.

ಅಂದಿನಿಂದ ದೊಡ್ಡರಂಗಪ್ಪ ಬಡವನಹಳ್ಳಿ ಸಂತೆಗೆ ಬಂದರೂ ಮಗಳ ಮನೆಗೆ ಬರುವುದು ಬಿಟ್ಟ. ಬದನೆಕಾಯಿಯನ್ನೋ ಅವರೆಕಾಯಿಯನ್ನೋ ಯಾರದೋ ಕೈಲಿ ಕಳಿಸುತ್ತಿದ್ದ, ಅಷ್ಟೇ. ಮಂಜಮ್ಮ ಜಗಳವಾಡಲಿಲ್ಲ. ಆದರೆ ತವರಿಗೆ ಹೋಗುವುದಾದರೆ ಬಸ್ಸಿಗೆ ಹೋದಳು. ಜೀಪಿಗೆ ಕಾಲಿಡಲಿಲ್ಲ.

ದೇವರಾಜು ಉತ್ತರಕ್ಕೆ ಕಾಯದೆ ಕೆಲಸಕ್ಕೆ ಕೈಹಾಕಿದ್ದ. ದಪ್ಪ ತಗಡು ಕೊಯ್ದು, ಚಾಸಿಯ ಮುಂದಿನ ಎರಡು ತುದಿಗೂ ಕೊಂಡಿ ಸಮೇತ ಒಂದೊಂದು ಪಟ್ಟಿ ಮಾಡಿದ. ವೆಲ್ಡಿಂಗ್ ನೆಚ್ಚಿಕೊಳ್ಳದೆ ಬೋಲ್ಟು ಹಾಕಿ ಬಿಗಿದ. ಬಂಪರಿನ ಕೆಳತುಟಿಯಲ್ಲಿ ಎರಡು ಕಂಡಿ ಕೊರೆದು ಮತ್ತೆ ಕೂರಿಸಿದಾಗ ಕೊಂಡಿಗಳ ಮೂತಿ ಮಾತ್ರ ಹೊರಗೆ ಕಾಣುತ್ತಿತ್ತು. ನಂಬಿಕೊಂಡು ಕೆಸರಿಗಿಳಿಯುವ ಮೊದಲು ಒಣ ನೆಲದಲ್ಲಿ ಒಮ್ಮೆ ಎಳೆಸಿ ನೋಡಬೇಕು, ಲಾರಿ ಇಲ್ಲೇ ಇದೆ, ಈಗಲೇ ಎಳೆದುಬಿಡೋಣ ಎಂದ. ರಂಗರಾಜು ಬೇಡವೆಂದ. ಎಳೆಯುವವರು ಬೇರೆ ಇದ್ದಾರೆ ಎಂದ.

ಮನೆ ಮುಂದೆ ಗಾಡಿ ನಿಂತಾಗ ಮಂಜಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೊಂಡಿಗಳನ್ನು ಒಮ್ಮೆ ನೋಡಿ ಮತ್ತೆ ಮೊರದ ಕಡೆ ತಿರುಗಿದಳು.

"ಮಾವನ ಕೈಲಿ ಒಂದ್ಸಲ ಎಳೆಸ್ಬೇಕು ಅಂತಿದ್ದೀನಿ" ಅಂದ ರಂಗರಾಜು.

"ಕಟ್ಟಾಕೆ ಬರದೋರು ಹೆಂಗೆ ಎಳೀತಾರೆ?"

ಅವನು ಜಗಲಿಯ ಅಂಚಿಗೆ ಕೂತ. "ಎಲ್ಲಾರಾ ಕಟ್ಟು ಅಂದೋನು ನಾನೇ ಅಲ್ವಾ" ಅಂದ.

"ಪಕ್ಕದಲ್ಲೇ ಕೂತಿದ್ದೆ. ನನಗೆ ಕೇಳಿಸ್ಲಿಲ್ವಾ?" ಮಂಜಮ್ಮ ಬೀಜವೊಂದನ್ನು ಬೇರೆಯಾಗಿ ಎಸೆದಳು. "ನನಗ್ಯಾಕೆ ಹೇಳ್ತೀಯ ಅದ್ನ."

ಮರುದಿನ ಬೆಳಿಗ್ಗೆ ಅವನೊಬ್ಬನೇ ಹೊರಟ. ಕಡಲೆಕಾಯಿ ಬಿತ್ತನೆಗೆ ಹೊಲ ಹದ ಮಾಡುವ ಕಾಲ. ದೊಡ್ಡರಂಗಪ್ಪ ಟ್ರಾಕ್ಟರು ನಿಲ್ಲಿಸಿ ಹೊಂಗೆ ಮರದ ನೆರಳಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದ. ಜೊತೆಗೆ ಪಕ್ಕದ ಹೊಲದ ಕದಿರಯ್ಯನೂ ಇದ್ದ. ಹೋದ ವರ್ಷ ಕೆರೆ ದಡದ ಮೇಲೆ ನಿಂತು ನೋಡಿದವರಲ್ಲಿ ಅವನೂ ಒಬ್ಬ. ಅವನನ್ನು ಕಂಡು ರಂಗರಾಜುವಿಗೆ, ಇನ್ನೊಂದು ದಿನ ಬಂದರೆ ಹೇಗೆ ಎನಿಸಿತು. ಆದರೆ ಗಾಡಿ ಆಗಲೇ ಬದುವಿನ ಪಕ್ಕ ಬಂದುಬಿಟ್ಟಿತ್ತು.

"ಏನಪ್ಪ ಅಳಿಯದೇವ್ರು, ಒಣ ನೆಲದಲ್ಲೂ ಹೂತ್ಕೊಂಡ್ಯಾ?" ಎಂದ ಕದಿರಯ್ಯ.

"ಇಲ್ಲ. ಹೂತಿಲ್ಲ." ರಂಗರಾಜು ಮಾವನ ಎದುರು ನಿಂತ. ಮಾವ ತಲೆಯೆತ್ತಲಿಲ್ಲ. "ಕೊಂಡಿ ಹಾಕ್ಸಿದ್ದೀನಿ ಮಾವ. ಒಂದ್ಸಲ ಎಳೆದು ನೋಡ್ಬೇಕಂತೆ. ನೀನೇ ಎಳೀಬೇಕು."

ದೊಡ್ಡರಂಗಪ್ಪ ತುತ್ತು ಮುರಿದು ಸಾರಿನಲ್ಲಿ ಅದ್ದಿದ.

ರಂಗರಾಜು ಈಗ ಕದಿರಯ್ಯನ ಕಡೆ ತಿರುಗಿದ. ಯಾಕೆ ಅತ್ತ ತಿರುಗಿದ ಎಂದು ಅವನಿಗೂ ತಿಳಿಯಲಿಲ್ಲ. "ಅವತ್ತು ಕೆರೆತಾವ ಎಲ್ಲಿಗೆ ಕಟ್ಲಿ ಅಂತ ಮಾವ ಎರಡು ಸಲ ಕೇಳ್ದ ಕದಿರಣ್ಣ. ನಾನು ಕೆಳಗಿಳೀದೆ ಎಲ್ಲಾರಾ ಕಟ್ಟು ಅಂದೆ. ಆ ಗಾಡೀಲಿ ಕಟ್ಟೋ ಜಾಗಾನೇ ಇರಲಿಲ್ಲ. ತಪ್ಪು ಮಾವಂದಲ್ಲ."

ಕದಿರಯ್ಯ ಬೀಡಿ ಹಚ್ಚಲು ತೆಗೆದ ಕಡ್ಡಿಯನ್ನು ಪೆಟ್ಟಿಗೆಗೇ ಹಾಕಿ, ದೂರದ ಗುಡ್ಡ ನೋಡುತ್ತ ಕೂತ. ದೊಡ್ಡರಂಗಪ್ಪ ಉಳಿದ ಮುದ್ದೆಯನ್ನು ಅವಸರವಿಲ್ಲದೆ ಉಂಡ. ಚೊಂಬಿನ ನೀರಲ್ಲಿ ಕೈತೊಳೆದು ಎದ್ದುಬಂದು ಜೀಪಿನ ಮುಂದೆ ಕೂತ. ಎರಡು ಕೊಂಡಿಗಳನ್ನೂ ಹಿಡಿದು ಅಲ್ಲಾಡಿಸಿದ. ಬಂಪರಿನ ಹಿಂದಕ್ಕೆ ಬೆರಳು ತೂರಿಸಿ ಪಟ್ಟಿಯ ದಪ್ಪ ನೋಡಿದ.

"ಬೆಸುಗೆನೋ, ಬೋಲ್ಟೋ?"

"ಬೋಲ್ಟು, ಮಾವ."

"ಹೂಂ."

ಟ್ರಾಕ್ಟರಿನಿಂದ ಸರಪಣಿ ತಂದು ಎರಡು ಕೊಂಡಿಗೂ ಸಮನಾಗಿ ಹಾಯಿಸಿದ. ರಂಗರಾಜು ಪಕ್ಕದಲ್ಲೇ ಮಂಡಿಯೂರಿ, ಮಾವ ಕೈಚಾಚಿದಾಗೆಲ್ಲ ಕೊಕ್ಕೆಯನ್ನೋ ಪಿನ್ನನ್ನೋ ಕೊಟ್ಟ. ಕಟ್ಟಿದ್ದಾದ ಮೇಲೆ ಮಾವ, "ಗೇರ್ ತೆಗ್ದು ಕೂತ್ಕ ಹೋಗು. ಬ್ರೇಕ್ ತುಳೀಬ್ಯಾಡ" ಅಂದ.

ಟ್ರಾಕ್ಟರು ಹೊಗೆಯುಗುಳಿ ಮುಂದೆ ಸರಿಯಿತು. ಸರಪಣಿ ನೆಲ ಬಿಟ್ಟು ಎದ್ದು ಬಿಗಿದುಕೊಂಡಿತು. ಒಂದು ಸಣ್ಣ ಜಗ್ಗು; ಜೀಪು ಉತ್ತ ಮಣ್ಣಿನ ಮೇಲೆ ಮೆಲ್ಲಗೆ ಉರುಳಿತು. ಕೊಂಡಿ ಮಿಸುಕಲಿಲ್ಲ. ಹೊಲದ ತುದಿ ಬಂತು. ಇನ್ನು ನಿಲ್ಲಿಸುತ್ತಾನೆ ಎಂದು ರಂಗರಾಜು ಕಾಲನ್ನು ಬ್ರೇಕಿನ ಹತ್ತಿರ ಒಯ್ದ. ಮಾವ ನಿಲ್ಲಿಸಲಿಲ್ಲ. ಬದುವಿನ ಸಂದಿಯಲ್ಲಿ ಹಾಯ್ದು ಬಂಡಿದಾರಿಗೆ ಹತ್ತಿಸಿದ.

"ಲೇ, ಕೆಡದಿರೋ ಗಾಡೀನ ಎಲ್ಲಿಗ್ಲಾ ಎಳ್ಕೊಂಡ್ ಹೋಯ್ತೀಯ?" ಕದಿರಯ್ಯ ಹಿಂದಿನಿಂದ ಕೂಗಿದ.

ದೊಡ್ಡರಂಗಪ್ಪ ತಿರುಗಿ ನೋಡಲಿಲ್ಲ. ಊರಬಾಗಿಲ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು ಕೊಡಗಳನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಒಬ್ಬಳು ಏನೋ ಅಂದು ಸೆರಗು ಬಾಯಿಗಿಟ್ಟು ನಕ್ಕಳು. ನೇರ ಹೋದರೆ ಟಾರು ರಸ್ತೆ, ಎಡಕ್ಕೆ ತಿರುಗಿದರೆ ಮಾವನ ಮನೆಯ ಬೀದಿ. ಟ್ರಾಕ್ಟರು ವೇಗ ತಗ್ಗಿಸಿ ಎಡಕ್ಕೆ ಹೊರಳಿತು. ಕೋಳಿಗಳು ಚೆದುರಿದವು. ರಂಗರಾಜು ಸರಪಣಿ ಸಡಿಲವಾಗದಂತೆ ನೋಡಿಕೊಳ್ಳುತ್ತ, ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ.